ತೂಕ ಇಳಿಸುವ ಆಪರೇಷನ್ ಆದ ಮೇಲೆ ಖಿನ್ನತೆಯ ಗುಳಿಗೆ: ಏನು ನೋಡಿಕೊಳ್ಳಬೇಕು, ಯಾರನ್ನು ಕೇಳಬೇಕು

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ತೂಕ ಇಳಿಸುವ ಆಪರೇಷನ್‌ಗೆ ಹೆಚ್ಚಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ. ಆಪರೇಷನ್ ಮಾಡಿದ ಡಾಕ್ಟರ್ ಅಲ್ಲಿ. ಖಿನ್ನತೆಗೆ ಗುಳಿಗೆ ಬರೆದ ಡಾಕ್ಟರ್ ಇಲ್ಲಿ. ಗುಳಿಗೆ ಕೊಡುವ ಮೆಡಿಕಲ್ ಮನೆ ಹತ್ತಿರ. ಈ ಮೂವರೂ ಒಬ್ಬರಿಗೊಬ್ಬರು ಮಾತಾಡಿರುವುದೇ ಇಲ್ಲ. ಹೀಗಾಗಿ ಊರಿಗೆ ಬಂದು ಎರಡು ಮೂರು ತಿಂಗಳಿಗೆ ಮನಸ್ಸು ಮತ್ತೆ ಕುಸಿದರೆ ಯಾರಿಗೆ ಹೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ಮನೆಯಲ್ಲಿ ಹೇಳಿದರೆ "ಇಷ್ಟ್ ರೊಕ್ಕಾ ಹಾಕಿ ಆಪರೇಷನ್ ಮಾಡಿಸೀವಿ, ತೂಕನೂ ಇಳದೈತಿ, ಇನ್ನೇನು ಚಿಂತಿ ನಿನಗ" ಅನ್ನುತ್ತಾರೆ.

ನನ್ನ ಅಕ್ಕನಿಗೆ ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಆಗಿದೆ, ಹೃದಯದ್ದಲ್ಲ. ಅದಕ್ಕೂ ಮುಂಚಿನಿಂದ ಅವಳು ಖಿನ್ನತೆಗೆ ಗುಳಿಗೆ ತಗೋತಾಳೆ. ಅವಳ ಜೊತೆ ಓಡಾಡಿ, ಎರಡೂ ಕಡೆ ಡಾಕ್ಟರುಗಳನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ: ಆಪರೇಷನ್ ಆದ ಮೇಲೆ ಮನಸ್ಸು ಕುಗ್ಗಿದರೆ ನಿಮ್ಮನ್ನು ನೀವು ಬೈದುಕೊಳ್ಳುವ ಮುಂಚೆ, ನುಂಗಿದ ಗುಳಿಗೆ ಮೈಗೆ ಹತ್ತುತ್ತಿದೆಯಾ ನೋಡಿಸಿ, ರಕ್ತದಲ್ಲಿ ಏನು ಕಡಿಮೆಯಾಗಿದೆ ನೋಡಿಸಿ. ಡೋಸ್ ಮಾತ್ರ ಯಾವತ್ತೂ ನೀವೇ ಬದಲಿಸಬೇಡಿ.

ಮೊದಲು ಒಂದು ಹಾಳೆ

ಆಪರೇಷನ್ ತಾರೀಖು ಗೊತ್ತಾದ ಕೂಡಲೇ ಈ ಕೆಲಸ ಮಾಡಿ. ನೀವು ನುಂಗುವ ಎಲ್ಲ ಗುಳಿಗೆಗಳನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಕಂಪನಿ ಇಟ್ಟ ಹೆಸರಷ್ಟೇ ಸಾಲದು, ಒಳಗಿನ ಔಷಧಿಯ ಹೆಸರು ಬೇಕು: ಎಸ್ಸಿಟಲೊಪ್ರಾಮ್, ಸರ್ಟ್ರಾಲಿನ್, ಡುಲೊಕ್ಸೆಟಿನ್, ಯಾವುದಿದೆಯೋ ಅದು. ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವಾಗಿನಿಂದ. ಮುಂಚೆ ಯಾವ ಗುಳಿಗೆ ಕೊಟ್ಟು ಅದು ಹಿಡಿಸಲಿಲ್ಲ. ಹಿಂದೆ ಯಾವಾಗಾದರೂ ಸಾಯುವ ಯೋಚನೆ ಬಂದಿದ್ದರೆ ಅದೂ ಇರಲಿ. ಕೆಳಗೆ ಇಬ್ಬರು ಡಾಕ್ಟರುಗಳ ಫೋನ್ ನಂಬರ್. ಇದರ ಎರಡು ಪ್ರತಿ ಮಾಡಿಸಿ ಇಬ್ಬರಿಗೂ ಕೊಡಿ. ಆಪರೇಷನ್ ಮುಗಿಸಿ ಬಂದ ಮೇಲೆ ಡಿಸ್ಚಾರ್ಜ್ ಸಮ್ಮರಿಯ ಒಂದು ಜೆರಾಕ್ಸ್ ಇಲ್ಲಿನ ಮನೋವೈದ್ಯರ ಫೈಲಿಗೆ ಸೇರಲೇಬೇಕು. ಅದರಲ್ಲಿ ಆಗಿದ್ದು ಸ್ಲೀವಾ, ಬೈಪಾಸಾ ಅಂತ ಬರೆದಿರುತ್ತದೆ (ಇವು ಏನು ಅಂತ ಮುಂದೆ ಹೇಳುತ್ತೇನೆ). ಗುಳಿಗೆ ವಿಷಯಕ್ಕೆ ಆ ವ್ಯತ್ಯಾಸ ತುಂಬಾ ದೊಡ್ಡದು.

ಆಪರೇಷನ್ ಕ್ಯಾನ್ಸಲ್ ಮಾಡಿಬಿಡುತ್ತಾರೆ ಅಂತ ಹೆದರಿ ಸುಮಾರು ಜನ ಖಿನ್ನತೆಯ ವಿಷಯವನ್ನೇ ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ. ಹಿಡಿತದಲ್ಲಿರುವ ಖಿನ್ನತೆ ಇದೆ ಅನ್ನುವ ಒಂದೇ ಕಾರಣಕ್ಕೆ ಆಪರೇಷನ್ ಬೇಡ ಅನ್ನುವುದಿಲ್ಲ. ಆದರೆ ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಗುಳಿಗೆಗಳಿಂದ (ಎಸ್ಸಿಟಲೊಪ್ರಾಮ್, ಸರ್ಟ್ರಾಲಿನ್ ಇಂಥವು) ರಕ್ತ ಸೋರುವುದು ಸ್ವಲ್ಪ ಹೆಚ್ಚಾಗಬಹುದು, ಹಾಗಾಗಿ ಸರ್ಜನ್‌ಗೂ ಅರಿವಳಿಕೆ ಕೊಡುವವರಿಗೂ ಅದು ಗೊತ್ತಿರಬೇಕು. ಹಾಗಂತ ಆಪರೇಷನ್ ಹತ್ತಿರ ಬಂತು ಅಂತ ಗುಳಿಗೆ ನೀವೇ ನಿಲ್ಲಿಸುವುದೂ ಬೇಡ. ಯಾವ ದಿನದವರೆಗೆ ತಗೋಬೇಕು, ಆಪರೇಷನ್ ಆದ ಎಷ್ಟನೇ ದಿನದಿಂದ ಮತ್ತೆ ಶುರು, ಗುಳಿಗೆನಾ ಸಿರಪ್ಪಾ ಅಂತ ಕೇಳಿ ಬರೆಸಿಕೊಳ್ಳಿ.

ಗುಳಿಗೆ ಅದೇ, ಹೊಟ್ಟೆ ಬೇರೆ

ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗ ಅಥವಾ ಇನ್ನೂ ಸ್ವಲ್ಪ ಜಾಸ್ತಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್ ಹಿಡಿಯುವ ಚಿಕ್ಕ ಚೀಲ ಮಾಡಿ, ಅದನ್ನು ಮುಂದಿನ ಸಣ್ಣ ಕರುಳಿಗೆ ಜೋಡಿಸುತ್ತಾರೆ. ದೊಡ್ಡ ಜಠರ ಮತ್ತು ಕರುಳಿನ ಮೊದಲ ಭಾಗ ಊಟದ ದಾರಿಯಿಂದಲೇ ತಪ್ಪಿಹೋಗುತ್ತವೆ. ಗುಳಿಗೆ ಕರಗಿಸುವ ಆಸಿಡ್ ಕಡಿಮೆ, ಕಲಸುವುದು ಕಡಿಮೆ, ಹೀರಿಕೊಳ್ಳುವ ಜಾಗವೂ ಕಡಿಮೆ. ಬೈಪಾಸ್ ಆದವರು ಜಾಸ್ತಿ ಎಚ್ಚರ ಇರಬೇಕು ಅನ್ನುವುದು ಇದಕ್ಕೇ.

ಇದು ಬರೀ ಲೆಕ್ಕಾಚಾರದ ಮಾತಲ್ಲ. 2012ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಬೈಪಾಸ್ ಆದ 12 ಜನರ ರಕ್ತದಲ್ಲಿ ಖಿನ್ನತೆಯ ಔಷಧಿ ಎಷ್ಟಿದೆ ಅಂತ ಅಳೆದರು. ಒಂದು ತಿಂಗಳ ಹೊತ್ತಿಗೆ 8 ಜನರಲ್ಲಿ ಅದು ಮುಂಚೆ ಇದ್ದುದರ ಸರಾಸರಿ ಶೇ 54ಕ್ಕೆ ಇಳಿದಿತ್ತು. ಅಂದರೆ ಅದೇ ಗುಳಿಗೆ, ಅದೇ ಡೋಸ್, ಮೈಗೆ ಸೇರಿದ್ದು ಸುಮಾರು ಅರ್ಧ. ಆರು ತಿಂಗಳಿಗೆ ಕೆಲವರಲ್ಲಿ ಮತ್ತೆ ಮೊದಲಿನ ಮಟ್ಟಕ್ಕೆ ಬಂತು, ಕೆಲವರಲ್ಲಿ ಬರಲಿಲ್ಲ. ಹಾಗಾಗಿ ಎಲ್ಲರಿಗೂ ಡೋಸ್ ಹೆಚ್ಚಿಸಬೇಕು ಅಂತೇನಿಲ್ಲ, ಒಮ್ಮೆ ಹೆಚ್ಚಿಸಿದ್ದು ಹಾಗೇ ಇರಬೇಕು ಅಂತಲೂ ಇಲ್ಲ. ಮೊದಲ ತಿಂಗಳು ಒಮ್ಮೆ, ಮೂರಕ್ಕೆ ಒಮ್ಮೆ, ಆರಕ್ಕೆ ಒಮ್ಮೆಯಾದರೂ ಮನೋವೈದ್ಯರನ್ನು ನೋಡಿ. ಬೆಂಗಳೂರಿನ ಫಾಲೋಅಪ್ ಒಂದೂ ತಪ್ಪಿಸದೆ ಹೋಗಿ, ಇಲ್ಲೇ ಇರುವ ಮನೋವೈದ್ಯರ ಹತ್ತಿರ "ಚೆನ್ನಾಗೇ ಇದ್ದೀನಲ್ಲ" ಅಂತ ಹೋಗದೇ ಇರುವವರೇ ಜಾಸ್ತಿ.

ಈಗ ಸ್ಟ್ರಿಪ್ ಕೈಗೆ ತಗೊಳ್ಳಿ. ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಎಕ್ಸ್‌ಆರ್, ಎಕ್ಸ್‌ಎಲ್, ಸಿಆರ್, ಪಿಆರ್ ಅಂತ ಏನಾದರೂ ಇದೆಯಾ? ಇದ್ದರೆ ಅದು ಹೊಟ್ಟೆಯಲ್ಲಿ ನಿಧಾನಕ್ಕೆ, ಎಷ್ಟೋ ತಾಸು ಔಷಧಿ ಬಿಡುತ್ತಾ ಹೋಗುವ ಗುಳಿಗೆ. ವೆನ್ಲಾಫ್ಯಾಕ್ಸಿನ್, ಬುಪ್ರೊಪಿಯಾನ್, ಪ್ಯಾರೊಕ್ಸೆಟಿನ್‌ನಲ್ಲಿ ಇಂಥವು ಸಾಮಾನ್ಯ. ದಾರಿ ಗಿಡ್ಡವಾದ ಮೇಲೆ ಇಂಥ ಗುಳಿಗೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದೆ ಸಾಗಿಹೋಗಬಹುದು. ಇನ್ನು ಕೆಲವಕ್ಕೆ ಆಸಿಡ್‌ಗೆ ಕರಗದ ಹೊದಿಕೆ ಇರುತ್ತದೆ, ಡುಲೊಕ್ಸೆಟಿನ್ ಕ್ಯಾಪ್ಸೂಲಿನ ಕಾಳುಗಳು ಹಾಗೆಯೇ.

ಇಲ್ಲೊಂದು ನಮ್ಮೂರಿನದೇ ತೊಂದರೆ ಇದೆ. ಮೆಡಿಕಲ್‌ನಲ್ಲಿ ಐದು ಗುಳಿಗೆ ಕೇಳಿದರೆ ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ, ಅಲ್ವಾ? ಕತ್ತರಿ ಎಲ್ಲಿ ಬಿತ್ತೋ ಅಲ್ಲಿಗೆ ಹೆಸರು ಮುಗಿಯಿತು. ಅಕ್ಕನ ಸ್ಟ್ರಿಪ್ ಒಮ್ಮೆ ಹಾಗೆ ಬಂದಾಗ ಹೆಸರಿನ ಮೊದಲ ಮೂರು ಅಕ್ಷರ, ಅದರ ಕೆಳಗೆ ಅರ್ಧ ತಾರೀಖು, ಅಷ್ಟೇ ಉಳಿದಿತ್ತು. ಸಿಆರ್ ಇದೆಯೋ ಇಲ್ಲವೋ ಹೇಗೆ ತಿಳಿಯಬೇಕು? ಅದಕ್ಕೇ ಯಾವಾಗಲೂ ಪೂರ್ತಿ ಸ್ಟ್ರಿಪ್ ಕೇಳಿ. ಅದರ ಹಿಂಬದಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. "ಇದು ಇಲ್ಲ, ಸೇಮ್ ಟು ಸೇಮ್ ಬೇರೆ ಕಂಪನಿದು ಐತಿ" ಅಂದರೆ ಆ ಫೋಟೋ ಪಕ್ಕ ಹಿಡಿದು ಔಷಧಿಯ ಹೆಸರು, ಮಿಲಿಗ್ರಾಂ, ಕೊನೆಯ ಅಕ್ಷರ ಮೂರೂ ಹೊಂದುತ್ತವಾ ನೋಡಿ.

ಆಪರೇಷನ್ ಆದ ಹೊಸದರಲ್ಲಿ ಗುಳಿಗೆ ಪುಡಿ ಮಾಡಿ ತಗೊಳ್ಳಿ ಅಂತ ಹೇಳುತ್ತಾರೆ. ಎಲ್ಲ ಗುಳಿಗೆಗೂ ಈ ಮಾತು ಸಲ್ಲುವುದಿಲ್ಲ. ನಿಧಾನಕ್ಕೆ ಬಿಡುವ ಗುಳಿಗೆಯನ್ನು ಕುಟ್ಟಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ಮೈಗೆ ಸೇರುತ್ತದೆ. ಬುಪ್ರೊಪಿಯಾನ್ ಹಾಗೆ ಸೇರಿದರೆ ಫಿಟ್ಸ್ ಬರುವ ಅಪಾಯ ಇದೆ. ಡುಲೊಕ್ಸೆಟಿನ್ ಕಾಳುಗಳನ್ನೂ ಜಜ್ಜಬಾರದು. ಇಂಥವನ್ನು ಡಾಕ್ಟರ್ ಸಾಮಾನ್ಯವಾಗಿ ಸಾದಾ ಗುಳಿಗೆಗೆ, ಸಿರಪ್‌ಗೆ ಅಥವಾ ಬಾಯಲ್ಲೇ ಕರಗುವ ಗುಳಿಗೆಗೆ ಬದಲಿಸುತ್ತಾರೆ. ಎಸ್ಸಿಟಲೊಪ್ರಾಮ್, ಫ್ಲೂಯೊಕ್ಸೆಟಿನ್ ಸಿರಪ್ ರೂಪದಲ್ಲೂ ಬರುತ್ತವೆ. ನಿಮ್ಮೂರಿನ ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಿಕೊಡಿ ಅಂತ ಒಂದು ವಾರ ಮುಂಚೆ ಹೇಳಿಡಿ, ಖಾಲಿಯಾದ ದಿನ ಓಡಬೇಡಿ.

ಮೊದಲ ಒಂದೆರಡು ತಿಂಗಳು

ನೀರೇ ಗುಟುಕು ಗುಟುಕಾಗಿ ಇಳಿಯುವ ದಿನಗಳು ಇವು. ಗುಳಿಗೆಗಳನ್ನು ಒಟ್ಟಿಗೆ ಬಾಯಿಗೆ ಹಾಕಬೇಡಿ. ಒಂದು ನುಂಗಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ವಾಂತಿಯಾಗಿ ಗುಳಿಗೆ ಹೊರಗೆ ಬಂದರೆ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ. ಮರುದಿನ ಎರಡು ನುಂಗಿ ಸರಿಮಾಡಲು ಹೋಗಬೇಡಿ.

ಎರಡು ಮೂರು ದಿನ ಗುಳಿಗೆ ತಪ್ಪಿದರೆ ತಲೆ ಸುತ್ತು, ವಾಕರಿಕೆ, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು, ಸಿಡುಕು, ಸುಮ್ನೆ ಅಳು ಬರುವುದು, ಚಿತ್ರವಿಚಿತ್ರ ಕನಸು, ಇವೆಲ್ಲ ಶುರುವಾಗಬಹುದು. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ತಗೊಳ್ಳುವವರಿಗೆ ಇದು ಬೇಗ ಮತ್ತು ಜೋರಾಗಿ ಬರುತ್ತದೆ, ಫ್ಲೂಯೊಕ್ಸೆಟಿನ್‌ನಲ್ಲಿ ಕಡಿಮೆ, ಏಕೆಂದರೆ ಅದು ಮೈಯಲ್ಲಿ ತುಂಬಾ ದಿನ ಉಳಿಯುತ್ತದೆ. ದಿನ ಒಪ್ಪತ್ತಿನಲ್ಲಿ ಹೀಗೆ ಧಿಡೀರ್ ಬಂದರೆ ಗುಳಿಗೆ ಮೈಗೆ ಸೇರದೆ ಆದದ್ದಿರಬಹುದು. ಖಿನ್ನತೆ ಮರಳುವುದು ಹೀಗಲ್ಲ, ವಾರಗಟ್ಟಲೆ ನಿಧಾನಕ್ಕೆ: ಬೆಳಗಿನ ಜಾವ ಎಚ್ಚರ, ಯಾವುದರಲ್ಲೂ ಆಸಕ್ತಿ ಇಲ್ಲ, ಸ್ನಾನಕ್ಕೂ ಏಳಲು ಮನಸ್ಸಿಲ್ಲ. ಈ ವ್ಯತ್ಯಾಸ ಡಾಕ್ಟರ್‌ಗೆ ತಿಳಿಯಬೇಕಾದರೆ ನಿಮ್ಮ ಹತ್ತಿರ ತಾರೀಖು ಇರಬೇಕು. ಕ್ಯಾಲೆಂಡರ್‌ನಲ್ಲೇ ಬರೆದರೆ ಸಾಕು: ಗುಳಿಗೆ ಹೋಯಿತಾ, ಎಷ್ಟು ತಾಸು ನಿದ್ದೆ, ಮನಸ್ಸು ಹತ್ತಕ್ಕೆ ಎಷ್ಟು. ಎರಡು ವಾರ ಸತತ ಕೆಳಗೇ ಇದ್ದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ.

ನಮ್ಮ ಬಿಸಿಲಿನ ಬಗ್ಗೆ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟುತ್ತದೆ. ಆಪರೇಷನ್ ಆದವರಿಗೆ ಒಂದು ಚೊಂಬು ನೀರು ಗಟಗಟ ಕುಡಿಯಲು ಆಗುವುದಿಲ್ಲ. ಸುಸ್ತು, ತಲೆಭಾರ, ಯಾವುದೂ ಬೇಡ ಅನ್ನಿಸುವುದಕ್ಕೆ ನೀರು ಸಾಲದೇ ಇರುವುದೂ ಕಾರಣವಾಗುತ್ತದೆ. ಬಾಟಲಿ ಪಕ್ಕದಲ್ಲೇ ಇಟ್ಟುಕೊಂಡು ಇಡೀ ದಿನ ಗುಟುಕರಿಸುತ್ತಿರಿ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಗುಳಿಗೆ ತಗೊಳ್ಳುವವರಿಗಂತೂ ಇದು ಜೀವದ ಪ್ರಶ್ನೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ನಡಿಗೆ ತೂರಾಡುವುದು, ವಾಂತಿ ಭೇದಿ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ ಲಿಥಿಯಂ ಮಟ್ಟ ಪರೀಕ್ಷೆ ಮಾಡಿಸಿ. ಲಿಥಿಯಂ ಇರುವವರು ಆಪರೇಷನ್ ಆದ ಮೊದಲ ವಾರಗಳಲ್ಲಿ ಪದೇ ಪದೇ ಈ ಪರೀಕ್ಷೆ ಮಾಡಿಸಲೇಬೇಕು.

ಖಿನ್ನತೆ ಅನ್ನಿಸುತ್ತದೆ, ಆದರೆ ರಕ್ತದಲ್ಲಿ ಕೊರತೆ

ಬಿ12, ಕಬ್ಬಿಣ, ಫೋಲೇಟ್, ವಿಟಮಿನ್ ಡಿ ಕಡಿಮೆಯಾದರೆ ಸುಸ್ತು, ಮರೆವು, ಬೇಜಾರು, ಕೈಕಾಲು ಜೋಮು ಹಿಡಿಯುವುದು ಎಲ್ಲ ಬರುತ್ತದೆ. ನೋಡಿದವರು ಖಿನ್ನತೆ ಜಾಸ್ತಿಯಾಗಿದೆ ಅಂದುಕೊಳ್ಳುತ್ತಾರೆ. ಬಿ12 ಲಿವರ್‌ನಲ್ಲಿ ಸಂಗ್ರಹ ಇರುವುದರಿಂದ ಅದರ ಕೊರತೆ ತಡವಾಗಿ, ಎಷ್ಟೋ ಸಲ ಒಂದು ವರ್ಷದ ಮೇಲೆ ಕಾಣುತ್ತದೆ. ಶುಗರ್‌ಗೆ ಮೆಟ್‌ಫಾರ್ಮಿನ್, ಆಸಿಡಿಟಿಗೆ ಗುಳಿಗೆ ತಗೊಳ್ಳುವವರಲ್ಲಿ ಇನ್ನೂ ಜಾಸ್ತಿ. ಡೋಸ್ ಏರಿಸುವ ಮಾತು ಬಂದಾಗ "ಬಿ12, ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಡಿ, ಥೈರಾಯ್ಡ್ ಒಮ್ಮೆ ನೋಡೋಣವಾ ಡಾಕ್ಟ್ರೇ" ಅಂತ ಕೇಳಿ. ವಿಟಮಿನ್ ಗುಳಿಗೆಗಳು ಜೀವನಪರ್ಯಂತ. ಕೂದಲು ಉದುರುವುದು ನಿಂತಿತು ಅಂತ ಅವನ್ನು ಬಿಡುವ ಹಾಗಿಲ್ಲ.

ಬಿ1, ಅಂದರೆ ಥಯಮಿನ್, ಇದರ ಕಥೆ ಬೇರೆ. ಇದರ ಸಂಗ್ರಹ ಎರಡು ಮೂರು ವಾರಕ್ಕೇ ಮುಗಿಯುತ್ತದೆ. ಆಪರೇಷನ್ ಆದ ಮೇಲೆ ವಾಂತಿ ನಿಲ್ಲದೆ, ಪಾಲಿಶ್ ಮಾಡಿದ ಸೋನಾ ಮಸೂರಿಯ ಗಂಜಿಯ ಮೇಲೆಯೇ ದಿನ ದೂಡುತ್ತಿದ್ದರೆ ಇದು ಬೇಗ ಕೊರತೆಯಾಗುತ್ತದೆ. ಗೊಂದಲ, ಕಣ್ಣಿಗೆ ಎರಡೆರಡು ಕಾಣುವುದು, ನಡೆಯುವಾಗ ಓಲಾಡುವುದು ಶುರುವಾದರೆ ಅದು ಮಿದುಳಿಗೆ ಪೆಟ್ಟು ಬೀಳುತ್ತಿರುವ ಲಕ್ಷಣ. "ತಲೆ ಕೆಟ್ಟೈತಿ, ಗುಳಿಗೆ ಸರಿಯಾಗಿ ತಗೊಂಡಿಲ್ಲ" ಅಂತ ಬಿಡಬೇಡಿ. ಹತ್ತಿರದ ಸಣ್ಣ ದವಾಖಾನೆಯಲ್ಲಿ ನಿಶ್ಶಕ್ತಿ ಅಂತ ಗ್ಲೂಕೋಸ್ ಬಾಟ್ಲಿ ಏರಿಸುವುದು ನಮ್ಮ ಕಡೆ ರೂಢಿ. ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಈ ಸ್ಥಿತಿ ಇನ್ನೂ ಕೆಡಬಹುದು. "ಇವರಿಗೆ ತೂಕದ ಆಪರೇಷನ್ ಆಗಿದೆ, ವಾಂತಿ ಇದೆ, ಬಿ1 ಇಂಜೆಕ್ಷನ್ ಮೊದಲು" ಅನ್ನುವ ಮಾತು ಜೊತೆಗೆ ಹೋದವರ ಬಾಯಲ್ಲಿ ಇರಬೇಕು. ಈ ಒಂದು ವಾಕ್ಯ ಮನೆಯಲ್ಲಿ ಎಲ್ಲರಿಗೂ ಕಲಿಸಿ.

ಎದೆ ಡವಡವ, ಬೆವರು, ಕೈ ನಡುಕ ಬಂದರೆ ಆತಂಕ ಅಂತಲೇ ಅಂದುಕೊಳ್ಳಬೇಡಿ. ಏನು ತಿಂದಿದ್ದಿರಿ ನೆನಪಿಸಿಕೊಳ್ಳಿ. ಜನವರಿಯ ಕೊಪ್ಪಳ ಗವಿಮಠದ ಜಾತ್ರೆಯಲ್ಲಿ ದಾಸೋಹಕ್ಕೆ ಕೂತು ಮಾದಲಿ ಉಂಡರೆ, ಮದುವೆಯಲ್ಲಿ ಒಂದು ಹೋಳಿಗೆ ತಿಂದರೆ, ಬೈಪಾಸ್ ಆದವರಿಗೆ ಅರ್ಧ ಗಂಟೆಯೊಳಗೆ ಹೊಟ್ಟೆ ಹಿಂಡಿ ಬೆವರಬಹುದು. ಅಥವಾ ಒಂದರಿಂದ ಮೂರು ತಾಸಿಗೆ ಶುಗರ್ ಇಳಿದು ನಡುಕ ಬರಬಹುದು. ಮನೆಯಲ್ಲಿ ಶುಗರ್ ನೋಡುವ ಮಿಷನ್ ಇದ್ದರೆ ಅದೇ ಹೊತ್ತಿನಲ್ಲಿ ನೋಡಿ ಬರೆದಿಡಿ.

ಮೆಡಿಕಲ್‌ನಲ್ಲಿ ಹೇಳದೆ ಕೇಳದೆ ತರುವ ಗುಳಿಗೆಗಳು

ಸೊಂಟ ನೋವು ಅಂತ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ಬೈಪಾಸ್ ಆದವರಿಗೆ ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು, ಎಸ್‌ಎಸ್‌ಆರ್‌ಐ ಜೊತೆ ಸೇರಿದರೆ ರಕ್ತ ಸೋರುವ ಭಯ ಇನ್ನೂ ಹೆಚ್ಚು. ಪ್ಯಾರಾಸಿಟಮಾಲ್ ಸಾಕಾಗುತ್ತದಾ ಕೇಳಿ. ಟ್ರಮಡಾಲ್ ಇರುವ ನೋವಿನ ಗುಳಿಗೆ ಖಿನ್ನತೆಯ ಗುಳಿಗೆ ಜೊತೆ ಸೇರಿದರೆ ಸಿರೊಟೋನಿನ್ ಅನ್ನುವ ಮಿದುಳಿನ ರಾಸಾಯನಿಕ ಅತಿಯಾಗಿ ಜ್ವರ, ನಡುಕ, ಗೊಂದಲ ಬರಬಹುದು, ಫಿಟ್ಸ್ ಕೂಡ. ಆಸಿಡಿಟಿಗೆ ತಗೊಳ್ಳುವ ಒಮೆಪ್ರಜೋಲ್ ರಕ್ತದಲ್ಲಿ ಎಸ್ಸಿಟಲೊಪ್ರಾಮ್ ಮಟ್ಟವನ್ನು ಏರಿಸುತ್ತದೆ. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಮತ್ತು ಎಸ್ಸಿಟಲೊಪ್ರಾಮ್ ಎರಡೂ ಹೃದಯದ ಬಡಿತದ ಲಯ ಕೆಡಿಸಬಲ್ಲವು. ಹಾಗಾಗಿ ಎರಡೂ ಒಟ್ಟಿಗೆ ಬಂದಾಗ ಡಾಕ್ಟರ್‌ಗೆ ಹೇಳಿ, ಹೃದಯದ ತೊಂದರೆ ಇರುವವರು ಇಸಿಜಿ ಬಗ್ಗೆ ಕೇಳಿ.

ತೂಕ ಹೆಚ್ಚುತ್ತದೆ ಅಂತ ಗುಳಿಗೆ ಬಿಡುವವರೂ ಇದ್ದಾರೆ. ಮಿರ್ಟಜಪಿನ್, ಅಮಿಟ್ರಿಪ್ಟಿಲಿನ್, ಪ್ಯಾರೊಕ್ಸೆಟಿನ್‌ನಿಂದ ತೂಕ ಏರುವುದು ನಿಜ. ಫ್ಲೂಯೊಕ್ಸೆಟಿನ್, ಸರ್ಟ್ರಾಲಿನ್‌ನಲ್ಲಿ ಅದು ಕಡಿಮೆ. ಬದಲಿಸಬಹುದಾ ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ. ಆದರೆ ಬಿಟ್ಟುಬಿಡಬೇಡಿ.

ಎರಡನೇ ವರ್ಷದ ಹೊತ್ತಿಗೆ

ಮೊದಲ ವರ್ಷ ತೂಕ ಇಳಿಯುತ್ತಾ ಹೋದ ಹಾಗೆ ಮನಸ್ಸೂ ಹಗುರಾಗುತ್ತದೆ. ನಿಜವಾದ ಕಷ್ಟ ಆಮೇಲೆ. ತೂಕ ಒಂದು ಕಡೆ ನಿಲ್ಲುತ್ತದೆ, ಚರ್ಮ ಜೋತು ಬೀಳುತ್ತದೆ, ಬೇಜಾರಾದಾಗ ಒಂದು ತಟ್ಟೆ ಮಂಡಕ್ಕಿ ಮಿರ್ಚಿ ತಿಂದು ಸಮಾಧಾನ ಮಾಡಿಕೊಳ್ಳುತ್ತಿದ್ದ ದಾರಿಯೂ ಮುಚ್ಚಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು "ಯಾಕವ್ವಾ ಹಿಂಗ ಸೊರಗಿ ಹೋಗಿ? ಶುಗರ್ ಬಂದೈತೇನು?" ಅಂತ ಕೇಳುತ್ತಾರೆ. ಅಕ್ಕನಿಗೆ ಈ ಮಾತು ತುಂಬಾ ಚುಚ್ಚುತ್ತಿತ್ತು. ದಪ್ಪ ಇದ್ದಾಗ ಅಂದವರೇ ಈಗಲೂ ಅನ್ನುತ್ತಾರೆ ಅಂತ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಕೆನಡಾದ ಒಂಟಾರಿಯೊದಲ್ಲಿ ಈ ಆಪರೇಷನ್ ಆದ 8,815 ಜನರನ್ನು ಆಪರೇಷನ್‌ಗೆ ಮೂರು ವರ್ಷ ಮುಂಚೆ, ಮೂರು ವರ್ಷ ಆದ ಮೇಲೆ ಗಮನಿಸಿದರು. ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬರುವುದು ಆಪರೇಷನ್ ಆದ ಮೇಲೆ ಸುಮಾರು ಶೇ 50ರಷ್ಟು ಹೆಚ್ಚಿತ್ತು, ಅದರಲ್ಲೂ ಎರಡನೇ, ಮೂರನೇ ವರ್ಷದಲ್ಲಿ ಜಾಸ್ತಿ. ಒಟ್ಟು ಅಂಥವರು 111 ಜನ, ಅಂದರೆ ಬಹುಪಾಲು ಜನರಿಗೆ ಹೀಗಾಗಲಿಲ್ಲ. ಆದರೆ ಯಾವ ವರ್ಷ ಕಣ್ಣಿಡಬೇಕು ಅನ್ನುವುದು ಇದರಿಂದ ತಿಳಿಯುತ್ತದೆ. ಎಲ್ಲರೂ "ಈಗ ಆರಾಮ್ ಆದ್ರು" ಅಂತ ಮರೆಯುವ ಹೊತ್ತಿಗೇ ಮನೆಯವರು ಜೊತೆಗಿರಬೇಕು.

ಕುಡಿತದ್ದೂ ಇದೇ ಹೊತ್ತು. ಬೈಪಾಸ್ ಆದ ಮೇಲೆ ಹೆಂಡ ಬೇಗ ಏರುತ್ತದೆ, ಕಡಿಮೆ ಕುಡಿದರೂ ಜಾಸ್ತಿ ಏರುತ್ತದೆ. ಅಮೆರಿಕದಲ್ಲಿ 2012ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಕುಡಿತದ ಸಮಸ್ಯೆ ಆಪರೇಷನ್‌ಗೆ ಮುಂಚೆ ಶೇ 7.6 ಜನರಲ್ಲಿ ಇತ್ತು, ಎರಡನೇ ವರ್ಷಕ್ಕೆ ಶೇ 9.6 ಆಗಿತ್ತು. ಖಿನ್ನತೆ ಇರುವವರು ಪೂರ್ತಿ ದೂರ ಇರುವುದೇ ಒಳ್ಳೆಯದು.

"ನಾನು ಇರಬಾರದಿತ್ತು", "ಎಲ್ಲರಿಗೂ ಭಾರ ಆಗೀನಿ" ಅನ್ನುವ ಮಾತು ಬಂದರೆ ಬುದ್ಧಿ ಹೇಳಲು ಹೋಗಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ, ಮೆತ್ತಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಅವತ್ತೇ ಬೇರೆ ಕಡೆ ಸಾಗಿಸಿ, ಗುಳಿಗೆ ಡಬ್ಬಿ ಬೇರೆಯವರ ಕೈಯಲ್ಲಿರಲಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ತುರ್ತು ಇದ್ದರೆ 108 ಅಥವಾ 112.

ಎಲ್ಲಿ ತೋರಿಸುವುದು ಅಂದರೆ, ನಾವಿನ್ನೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿಯ ಬಿಎಂಸಿಆರ್‌ಸಿ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಮನೋವೈದ್ಯ ವಿಭಾಗಕ್ಕೆ ಹೋಗಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಮನೋವೈದ್ಯರ ಹತ್ತಿರ ಹೋಗಲು ನಾಚಿಕೆ ಪಡುವವರಿಗೆ ಒಂದು ವಿಷಯ ಹೇಳಬೇಕು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ 1985ರಿಂದ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಗುಳಿಗೆ ಯಾವಾಗ ನಿಲ್ಲಿಸುವುದು

ಎಲ್ಲರೂ ಕೇಳುವ ಪ್ರಶ್ನೆ ಇದು. ಖಿನ್ನತೆಯ ಗುಳಿಗೆ ಹೆಂಡದ ಹಾಗೆ ಚಟ ಹಿಡಿಸುವುದಿಲ್ಲ, ಆದರೆ ಒಮ್ಮೆಲೇ ಬಿಡುವಂಥದ್ದೂ ಅಲ್ಲ. ಮೊದಲ ಸಲ ಖಿನ್ನತೆ ಬಂದವರು ಪೂರ್ತಿ ಆರಾಮಾದ ಮೇಲೂ ಆರರಿಂದ ಒಂಬತ್ತು ತಿಂಗಳಾದರೂ ಮುಂದುವರಿಸಬೇಕು, ಪದೇ ಪದೇ ಬಂದವರು ಅದಕ್ಕಿಂತ ಜಾಸ್ತಿ. ತೂಕ ಭರಭರ ಇಳಿಯುತ್ತಿರುವ ತಿಂಗಳುಗಳಲ್ಲಿ ನಿಲ್ಲಿಸುವ ಯೋಚನೆ ಬೇಡ, ಏಕೆಂದರೆ ಆಗ ಮೈಗೆ ಎಷ್ಟು ಔಷಧಿ ಸೇರುತ್ತಿದೆ ಅನ್ನುವುದೇ ಒಂದು ಹದಕ್ಕೆ ಬಂದಿರುವುದಿಲ್ಲ. ತೂಕ ಒಂದು ಕಡೆ ನಿಂತು, ರಕ್ತದ ರಿಪೋರ್ಟ್ ಸರಿ ಇದ್ದು, ಮನಸ್ಸು ತಿಂಗಳುಗಟ್ಟಲೆ ನೆಟ್ಟಗಿದ್ದಾಗ ಡಾಕ್ಟರ್ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಇಳಿಸುವಾಗ ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ, ಕೊನೆಯ ಗುಳಿಗೆ ನಿಂತ ಮೇಲೂ ಕೆಲವು ತಿಂಗಳು ಡಾಕ್ಟರ್‌ಗೆ ತೋರಿಸುತ್ತಿರಿ.